ಸೇತುವೆಯ ಮೇಲೆ ಕೈ ಬದಲಾದವರು

ಈ ಸಲದ ಯುಗಾದಿ ಊಟದ ದಿನ ಎಲೆ ಎತ್ತುವ ಹೊತ್ತಿಗೆ ನಮ್ಮಲ್ಲಿ ನಡೆದ ವಾಗ್ವಾದ ಅಂದು ಬಂದಿದ್ದ ಸದಸ್ಯರಿಗೆಲ್ಲ ನೆನಪಿರಬಹುದು. ಮಗನ ಮನೆಗೆಂದು ಊರಿನಿಂದ ಬಂದಿದ್ದ ಹಿರಿಯರೊಬ್ಬರು ಇಲ್ಲಿನ ರಸ್ತೆ, ರೈಲು, ಶಿಸ್ತುಗಳನ್ನು ಹೊಗಳುತ್ತ, "ನಮ್ಮ ದೇಶಕ್ಕೂ ಒಬ್ಬ ಹಿಟ್ಲರ್ ಬೇಕು ಕಣ್ರೀ, ಆಗಲೇ ಎಲ್ಲ ನೆಟ್ಟಗಾಗೋದು" ಎಂದರು. ಪ್ರಾಯದಲ್ಲಿ ಕಾರ್ಮಿಕ ಸಂಘದ ಕೆಲಸ ಮಾಡಿದ್ದ ಇನ್ನೊಬ್ಬರಿಗೆ ಇದು ಸಹಿಸಲಿಲ್ಲ. "ಆ ಹಿಟ್ಲರನ ಸೊಂಟ ಮುರಿದವರು ಯಾರು ಸ್ವಾಮಿ? ಸ್ಟಾಲಿನ್ನನ ಸೈನ್ಯ ಅಲ್ಲವೇ?" ಎಂದು ಅವರು ಎದ್ದರು. ಮೂರನೆಯವರು ಮಜ್ಜಿಗೆಯ ಲೋಟ ಕೆಳಗಿಟ್ಟು, "ಬೇವಾದರೇನು, ಹಾಗಲವಾದರೇನು, ಎರಡೂ ಕಹಿಯೇ" ಎಂದು ತೀರ್ಪು ಕೊಟ್ಟರು. ಇಲ್ಲಿಯೇ ಹುಟ್ಟಿ ಹನ್ನೊಂದನೆಯ ತರಗತಿಯಲ್ಲಿ ಓದುತ್ತಿರುವ ನಮ್ಮ ಹುಡುಗಿಯೊಬ್ಬಳು ಕೇಳಿದಳು: "ತಾತ, ಎರಡೂ ಕಹಿ ಅಂದರೆ ಎರಡೂ ಒಂದೇನಾ? ಒಂದೇ ಅಂತ ಬರೆದರೆ ನಮ್ಮ ಟೀಚರ್ ಅಂಕ ಕೊಡೋದಿಲ್ಲ. ಬೇರೆ ಬೇರೆ ಅಂತ ಬರೆದರೆ ಹೇಗೆ ಅಂತ ಕೇಳ್ತಾರೆ."

ಅವಳಿಗೆ ಸರಿಯಾದ ಉತ್ತರ ಅಂದು ಯಾರೂ ಕೊಡಲಿಲ್ಲ. ಅಷ್ಟರಲ್ಲಿ ಕಾಫಿ ಬಂತು, ಮಾತು ಬೇರೆ ಕಡೆ ಹೋಯಿತು. ಆದರೆ ನಾವಿರುವ ಊರು ಬರ್ಲಿನ್. ಇಲ್ಲಿನ ಬೀದಿಗಳಲ್ಲಿ ಹನ್ನೆರಡು ವರ್ಷ ಹಿಟ್ಲರನ ಆಳ್ವಿಕೆ ನಡೆಯಿತು. ಅದರ ಬೆನ್ನಿಗೇ ಊರಿನ ಪೂರ್ವಾರ್ಧದಲ್ಲಿ ನಲವತ್ತು ವರ್ಷಕ್ಕೂ ಮೇಲ್ಪಟ್ಟು ಕಮ್ಯುನಿಸ್ಟರ ಆಳ್ವಿಕೆ ನಡೆಯಿತು. ಒಂದೇ ಆಯುಸ್ಸಿನಲ್ಲಿ ಎರಡನ್ನೂ ಉಂಡವರು ಮೊನ್ನೆ ಮೊನ್ನೆಯವರೆಗೆ ನಮ್ಮ ನೆರೆಮನೆಗಳಲ್ಲಿದ್ದರು. ಇಷ್ಟಿದ್ದೂ ಮಗುವಿನ ಪ್ರಶ್ನೆಗೆ ಉತ್ತರಿಸಲಾಗದೆ ಹೋದದ್ದು ನಮಗೆ ಸ್ವಲ್ಪ ನಾಚಿಕೆಯಾಯಿತು. ಬೇಸಿಗೆ ರಜೆಯಲ್ಲಿ ನಾಲ್ಕು ಕುಟುಂಬದವರು ಪುಳಿಯೋಗರೆ ಕಟ್ಟಿಕೊಂಡು ಬರ್ಲಿನ್ನಿನಿಂದ ಉತ್ತರಕ್ಕೆ ರೈಲು ಹತ್ತಿದೆವು. ಸುಮಾರು ಒಂದು ಗಂಟೆಯ ದಾರಿಯ ಫ್ಯೂರ್ಸ್ಟನ್‌ಬೆರ್ಗ್ ಎಂಬ ಪುಟ್ಟ ಊರಿನ ಪಕ್ಕದಲ್ಲಿ, ಕೆರೆಯೊಂದರ ದಂಡೆಯ ಮೇಲೆ ರಾವೆನ್ಸ್‌ಬ್ರ್ಯೂಕ್ ಇದೆ. 1939ರಲ್ಲಿ ನಾಜಿಗಳು ಹೆಂಗಸರಿಗಾಗಿಯೇ ತೆರೆದ ಬಂದೀಖಾನೆ ಅದು. ಆರು ವರ್ಷಗಳಲ್ಲಿ ಸುಮಾರು 1,20,000 ಹೆಂಗಸರು ಮತ್ತು ಮಕ್ಕಳನ್ನು ಅಲ್ಲಿ ಕೂಡಿಹಾಕಿದ್ದರು. ಸುಟ್ಟವರ ಬೂದಿಯನ್ನು ಆ ಕೆರೆಗೇ ಸುರಿದರು. ಈಗ ಕೆರೆಯ ನೀರು ಬಹಳ ತಿಳಿಯಾಗಿದೆ. ಆಚೆ ದಂಡೆಯಲ್ಲಿ ಊರಿನ ಚರ್ಚಿನ ಗೋಪುರ ಕಾಣುತ್ತದೆ, ಎಂದರೆ ಊರಿನವರಿಗೂ ಇದು ಕಾಣುತ್ತಿತ್ತು.

ನಾವು ಅಲ್ಲಿಗೇ ಹೋದದ್ದಕ್ಕೆ ಒಂದು ಕಾರಣವಿತ್ತು. ಮಾರ್ಗರೇಟೆ ಬೂಬರ್-ನೊಯ್ಮನ್ ಎಂಬಾಕೆ ಐದು ವರ್ಷ ಅಲ್ಲಿ ಸೆರೆಯಲ್ಲಿದ್ದರು. ಅದಕ್ಕೂ ಮುಂಚೆ ಅವರು ಸ್ಟಾಲಿನ್ನನ ಸೆರೆಶಿಬಿರದಲ್ಲಿದ್ದರು. ಎರಡು ಸರ್ವಾಧಿಕಾರಗಳನ್ನು ಪುಸ್ತಕದಲ್ಲಿ ಹೋಲಿಸಿದವರು ಸಾವಿರ ಮಂದಿ. ಎರಡರ ಅಂಬಲಿಯನ್ನೂ ಕುಡಿದು ಹೋಲಿಸಿದವರು ತೀರ ಕಡಮೆ. ಆದ್ದರಿಂದ ಈ ಲೇಖನವನ್ನು ಅವರ ಜೊತೆಯಲ್ಲೇ ನಡೆಸಿಕೊಂಡು ಹೋಗುತ್ತೇವೆ.

ಅವರು ಹುಟ್ಟಿದ್ದು 1901ರಲ್ಲಿ, ಬರ್ಲಿನ್ನಿನ ಪಕ್ಕದ ಪಾಟ್ಸ್‌ಡಾಮಿನಲ್ಲಿ. ತರುಣ ವಯಸ್ಸಿನಲ್ಲಿ ಕಮ್ಯುನಿಸ್ಟ್ ಪಕ್ಷ ಸೇರಿದರು. ಅವರ ಸಂಗಾತಿ ಹೈಂಟ್ಸ್ ನೊಯ್ಮನ್ ಆ ಪಕ್ಷದ ದೊಡ್ಡ ಮುಂದಾಳು. ಹಿಟ್ಲರ್ ಬಂದಮೇಲೆ ಇಬ್ಬರೂ ದೇಶ ಬಿಟ್ಟು, 1935ರಲ್ಲಿ ಮಾಸ್ಕೋ ಸೇರಿದರು. ಅದು ಅವರಿಗೆ ತೌರುಮನೆಯಂತೆ ತೋರಿತ್ತು. 1937ರ ಏಪ್ರಿಲಿನ ಒಂದು ರಾತ್ರಿ ಪೊಲೀಸರು ಬಂದು ಹೈಂಟ್ಸರನ್ನು ಕರೆದೊಯ್ದರು. ಅದೇ ವರ್ಷ ಅವರನ್ನು ಗುಂಡಿಟ್ಟು ಕೊಂದರು. ಹೆಂಡತಿಗೆ ಅದನ್ನು ತಿಳಿಸಲಿಲ್ಲ. ಮರುವರ್ಷ ಆಕೆಯನ್ನೂ ಹಿಡಿದು, "ಸಮಾಜಕ್ಕೆ ಅಪಾಯಕಾರಿ" ಎಂದು ಐದು ವರ್ಷದ ಸಜೆ ವಿಧಿಸಿ ಕಜಕಸ್ತಾನದ ಕರಗಾಂಡ ಬಯಲಿಗೆ ಅಟ್ಟಿದರು. ವಕೀಲರಿಲ್ಲ, ಸಾಕ್ಷಿಯಿಲ್ಲ.

ಮುಂದಿನದು ಕೇಳಿದವರು ನಂಬುವುದು ಕಷ್ಟ. 1939ರ ಆಗಸ್ಟ್ 23ರಂದು ಹಿಟ್ಲರನಿಗೂ ಸ್ಟಾಲಿನ್ನನಿಗೂ ಒಪ್ಪಂದವಾಯಿತು, ನಡುವಿನ ಪೋಲೆಂಡನ್ನು ಇಬ್ಬರೂ ಹಂಚಿಕೊಂಡರು. 1940ರ ಫೆಬ್ರವರಿಯಲ್ಲಿ ರಷ್ಯದ ಪೊಲೀಸರು ತಮ್ಮ ಸೆರೆಯಲ್ಲಿದ್ದ ಕೆಲವು ಜರ್ಮನ್ ಕಮ್ಯುನಿಸ್ಟರನ್ನು ಬ್ರೆಸ್ಟ್-ಲಿಟೋವ್ಸ್ಕ್ ಎಂಬಲ್ಲಿನ ಸೇತುವೆಯವರೆಗೆ ತಂದರು. ಆಚೆ ತುದಿಯಲ್ಲಿ ಹಿಟ್ಲರನ ಪೊಲೀಸರು ಕಾಯುತ್ತಿದ್ದರು. ಎರಡೂ ಕಡೆಯ ಅಧಿಕಾರಿಗಳು ಸೆಲ್ಯೂಟು ಹೊಡೆದುಕೊಂಡರು. ಪಟ್ಟಿಯಲ್ಲಿದ್ದ ಹೆಸರು ಕೂಗಿ ಒಬ್ಬೊಬ್ಬರನ್ನೇ ದಾಟಿಸಿದರು. ಆ ಗುಂಪಿನಲ್ಲಿ ಯಹೂದಿಯೊಬ್ಬನೂ ಇದ್ದ. ಮಾರ್ಗರೇಟೆಯೂ ದಾಟಿದರು.

ಆ ಸೇತುವೆಯನ್ನು ಕಂಡವರಿಗೆ "ಎರಡೂ ಒಂದೇ" ಅನ್ನಿಸಿದರೆ ತಪ್ಪೇನು ಎಂದು ನಮ್ಮಲ್ಲೇ ಒಬ್ಬರು ಕೇಳಿದರು. ತಪ್ಪಿಲ್ಲ. ಸಾಮ್ಯವನ್ನು ಮೊದಲೇ ಒಪ್ಪಿಬಿಡೋಣ. ಒಂದೇ ಪಕ್ಷ, ಪ್ರಶ್ನಿಸಬಾರದ ಒಬ್ಬ ನಾಯಕ, ಗುಪ್ತ ಪೊಲೀಸು, ಬಾಯಿ ಕಟ್ಟಿದ ಪತ್ರಿಕೆ, ಮಕ್ಕಳಿಗೂ ಸಮವಸ್ತ್ರ, ಮುಳ್ಳುತಂತಿ. ಇಷ್ಟರಮಟ್ಟಿಗೆ ಎರಡೂ ಒಂದೇ ಅಚ್ಚು. ಆದರೆ ಸೇತುವೆ ದಾಟಿದ ಆ ಹೆಂಗಸು ಎರಡು ಕಡೆಯೂ ಕಂಡದ್ದು ಒಂದೇ ಅಲ್ಲ.

ಕರಗಾಂಡದ ಶಿಬಿರ ಎಂದರೆ ಕೊನೆಮೊದಲಿಲ್ಲದ ಬಯಲು. ಮಣ್ಣಿನ ಗುಡಿಸಲು, ತಿಗಣೆ, ಅರೆಹೊಟ್ಟೆ, ಹೊಲದ ಕೂಲಿ. ಎಲ್ಲವೂ ಅಸ್ತವ್ಯಸ್ತ. ರಾವೆನ್ಸ್‌ಬ್ರ್ಯೂಕಿಗೆ ಬಂದಾಗ ಅವರ ಕಣ್ಣಿಗೆ ಬಿದ್ದದ್ದು ಹುಲ್ಲುಹಾಸು, ಸಾಲುಮರ, ಹೂವಿನ ಪಾತಿ. ಬಟ್ಟೆ ಶುಚಿ, ಹಾಸಿಗೆಯ ಮಡಿಕೆ ಒಂದು ಗೆರೆಯಷ್ಟೂ ತಪ್ಪುವಂತಿಲ್ಲ. ತಪ್ಪಿದರೆ ಹೊಡೆತ. ಪ್ರತಿಯೊಬ್ಬರ ಅಂಗಿಯ ಮೇಲೂ ಬಣ್ಣದ ತ್ರಿಕೋನ: ರಾಜಕೀಯ ಕೈದಿಗೆ ಕೆಂಪು, ಯೆಹೋವನ ಸಾಕ್ಷಿಗಳೆಂಬ ಕ್ರೈಸ್ತ ಪಂಥದವರಿಗೆ ನೇರಳೆ, ಯಹೂದಿಯರಿಗೆ ಹಳದಿ. ಊರಿಂದ ಬಂದ ಹಿರಿಯರು ಮೆಚ್ಚಿದ ಶಿಸ್ತು ಇಲ್ಲಿ ಪೂರ್ಣಪ್ರಮಾಣದಲ್ಲಿ ಇತ್ತು ಎಂದು ಹೇಳದೆ ವಿಧಿಯಿಲ್ಲ. ಒಂದು ಕಡೆ ಮನುಷ್ಯನನ್ನು ದುಡಿಸಿ, ಅಲಕ್ಷ್ಯದಿಂದ, ಹಸಿವಿನಿಂದ ಸಾಯಲು ಬಿಟ್ಟರು. ಇನ್ನೊಂದು ಕಡೆ ಯಾರು ಎಷ್ಟು ದಿನ ಬದುಕಬೇಕೆಂದು ಕಡತದಲ್ಲಿ ಬರೆದು ಅದರಂತೆ ನಡೆಸಿದರು. 1945ರ ಆರಂಭದಲ್ಲಿ ರಾವೆನ್ಸ್‌ಬ್ರ್ಯೂಕಿನಲ್ಲೂ ವಿಷಾನಿಲದ ಕೋಣೆ ಬಂತು.

ಆ ನೇರಳೆ ತ್ರಿಕೋನದವರ ಬಗ್ಗೆ ಎರಡು ಮಾತು ಹೇಳಬೇಕು. ಮಾರ್ಗರೇಟೆ ಕೆಲಕಾಲ ಅವರ ಬ್ಯಾರಕ್ಕಿಗೆ ಮೇಲ್ವಿಚಾರಕಿಯಾಗಿದ್ದರು. "ನನ್ನ ಪಂಥವನ್ನು ಬಿಟ್ಟೆ" ಎಂದು ಒಂದು ಕಾಗದಕ್ಕೆ ರುಜು ಹಾಕಿದರೆ ಅವರು ಮನೆಗೆ ಹೋಗಬಹುದಿತ್ತು. ಹೆಚ್ಚಿನವರು ಹಾಕಲಿಲ್ಲ. ಹಳದಿ ತ್ರಿಕೋನದವರ ಮುಂದೆ ಅಂಥ ಕಾಗದವನ್ನು ಯಾರೂ ಇಡಲೇ ಇಲ್ಲ. ಅವರು ಮಾಡಿದ ಅಪರಾಧ ಹುಟ್ಟಿದ್ದು. ಹುಟ್ಟನ್ನು ಹಿಂದಕ್ಕೆ ಪಡೆಯಲು ಬರುವುದಿಲ್ಲ. ನಾಜಿ ಬಗೆಯ ಫ್ಯಾಸಿಸಂನ ತಿರುಳು ಇಲ್ಲಿದೆ ಎಂದು ನಮಗೆ ತೋರುತ್ತದೆ. 1935ರ ನ್ಯೂರೆಂಬರ್ಗ್ ಕಾನೂನು ಅಜ್ಜ ಅಜ್ಜಿಯರ ಲೆಕ್ಕ ಹಿಡಿದು ಯಹೂದಿ ಯಾರೆಂದು ತೀರ್ಮಾನಿಸಿತು. 1942ರ ಜನವರಿ 20ರಂದು ಇದೇ ಬರ್ಲಿನ್ನಿನ ವಾನ್ಸೆ ಸರೋವರದ ಬಂಗಲೆಯಲ್ಲಿ ಅಧಿಕಾರಿಗಳು ಸೇರಿ ಯೂರೋಪಿನ ಯಹೂದಿಯರನ್ನೆಲ್ಲ ಮುಗಿಸುವ ಕೆಲಸವನ್ನು ಇಲಾಖೆಗಳಿಗೆ ಹಂಚಿಕೊಂಡರು. ಕೊಲೆಯಾದವರು ಸುಮಾರು 60 ಲಕ್ಷ. ಹುಟ್ಟಿನಿಂದಲೇ ಮೇಲು ಕೀಳೆಂದು ಎಣಿಸುವ ರೋಗ ನಮ್ಮವರಿಗೇನೂ ಅಪರಿಚಿತವಲ್ಲ. ಆದ್ದರಿಂದ ಈ ವಾಕ್ಯಗಳನ್ನು ನಾವು ಸ್ವಲ್ಪ ನಿಧಾನವಾಗಿ ಓದಬೇಕು.

ಸ್ಟಾಲಿನ್ನನ ಕಡೆ ಅಪರಾಧಿ ಯಾರು? ಹೇಳಿಕೆಯಲ್ಲಿ ಶತ್ರು "ವರ್ಗ" ಎಂದಿತ್ತು: ಜಮೀನ್ದಾರ, ವ್ಯಾಪಾರಿ, ಎರಡು ಹಸು ಹೆಚ್ಚಿದ್ದ ರೈತ. ವರ್ಗ ಬದಲಾಯಿಸಬಹುದು, ಆಸ್ತಿ ಬಿಟ್ಟರೆ ಮನುಷ್ಯ ಹೊಸಬನಾಗುತ್ತಾನೆ ಎಂಬುದು ತತ್ತ್ವ. ನಡೆದದ್ದು ಹಾಗಲ್ಲ. ಶ್ರೀಮಂತ ರೈತನೆಂದು ಗುರುತಾದವನ ಮಕ್ಕಳಿಗೂ ಆ ಮುದ್ರೆ ಅಂಟಿಕೊಂಡಿತು. 1944ರಲ್ಲಿ ಚೆಚೆನ್, ಕ್ರಿಮಿಯದ ತಾತಾರ್ ಮುಂತಾದ ಜನಾಂಗಗಳನ್ನು ಇಡಿಯಾಗಿ ರೈಲಿಗೆ ತುಂಬಿ ಮಧ್ಯ ಏಷ್ಯಕ್ಕೆ ಸಾಗಿಸಿದಾಗ ವರ್ಗದ ಮಾತು ಎಲ್ಲಿಗೆ ಹೋಯಿತೋ ಕಾಣೆವು. ರೈತರ ಜಮೀನನ್ನೆಲ್ಲ ಒಟ್ಟು ಮಾಡಿ, ದವಸವನ್ನು ಕಿತ್ತುಕೊಂಡು, ಅದರಲ್ಲಿ ಒಂದಷ್ಟನ್ನು ಹೊರದೇಶಕ್ಕೆ ಮಾರುತ್ತಿದ್ದ 1932-33ರಲ್ಲಿ ಉಕ್ರೇನ್, ಕಜಕಸ್ತಾನ ಮೊದಲಾದೆಡೆ ಕ್ಷಾಮದಿಂದ ಸತ್ತವರು 50 ಲಕ್ಷಕ್ಕೂ ಹೆಚ್ಚು. 1937-38ರ ಎರಡು ವರ್ಷಗಳಲ್ಲಿ ಗುಂಡಿಗೆ ಬಲಿಯಾದವರು, ಅವರದೇ ದಾಖಲೆಗಳ ಪ್ರಕಾರ, ಸುಮಾರು 6.8 ಲಕ್ಷ. ಯಾವ ಜಿಲ್ಲೆಯಲ್ಲಿ ಎಷ್ಟು ಮಂದಿಯನ್ನು ಕೊಲ್ಲಬೇಕೆಂದು ಮಾಸ್ಕೋ ಮೊದಲೇ ಸಂಖ್ಯೆ ಕಳುಹಿಸುತ್ತಿತ್ತು. ಜಿಲ್ಲೆಯವರು ಇನ್ನೂ ಹೆಚ್ಚು ಬೇಡಿ ಪಡೆಯುತ್ತಿದ್ದರು.

ಇಲ್ಲಿಯೇ ಎರಡನೆಯ ವ್ಯತ್ಯಾಸ. ಹಿಟ್ಲರನ ಜರ್ಮನಿಯಲ್ಲಿ ಯಹೂದಿಯಲ್ಲದ, ರಾಜಕೀಯಕ್ಕೆ ಹೋಗದ, ತಲೆ ತಗ್ಗಿಸಿ ನಡೆಯುವ ಜರ್ಮನ್ ಗುಮಾಸ್ತ ರಾತ್ರಿ ನೆಮ್ಮದಿಯಿಂದ ಮಲಗಬಹುದಿತ್ತು, ಯುದ್ಧ ಬರುವತನಕ. ಪಕ್ಷದ ಹಿರಿಯನಂತೂ, 1934ರ ಜೂನ್ 30ರ ಕಗ್ಗೊಲೆಯನ್ನು ಬಿಟ್ಟರೆ, ಇನ್ನೂ ಸುಖವಾಗಿದ್ದ. ಸ್ಟಾಲಿನ್ನನ ರಷ್ಯದಲ್ಲಿ ಹಾಗೆ ಮಲಗಬಲ್ಲವನು ಯಾರೂ ಇರಲಿಲ್ಲ. ಎಲ್ಲಕ್ಕಿಂತ ಕಡಮೆ ನಿದ್ದೆ ಪಕ್ಷದವರಿಗೇ. 1934ರ ಮಹಾಧಿವೇಶನದಲ್ಲಿ ಚುನಾಯಿತವಾದ ಕೇಂದ್ರ ಸಮಿತಿಯ 139 ಮಂದಿಯಲ್ಲಿ 98 ಮಂದಿಯನ್ನು ಹಿಡಿದು ಕೊಂದರೆಂದು ಮುಂದೆ ಕ್ರುಶ್ಚೇವರೇ ಹೇಳಿದರು.

ನಮ್ಮ ದೇಶದ ಒಂದು ಕುಟುಂಬ ಈ ಎರಡೂ ಉರಿಗೆ ಸಿಕ್ಕಿದ್ದನ್ನು ಇಲ್ಲಿ ಹೇಳಬೇಕು. ಸರೋಜಿನಿ ನಾಯಿಡು ಅವರ ತಮ್ಮ ವೀರೇಂದ್ರನಾಥ ಚಟ್ಟೋಪಾಧ್ಯಾಯರು ಮೊದಲ ಮಹಾಯುದ್ಧದ ಕಾಲದಿಂದ ಬರ್ಲಿನ್ನಿನಲ್ಲಿದ್ದು ಭಾರತದ ಬಿಡುಗಡೆಗಾಗಿ ದುಡಿದವರು. ನಮ್ಮ ಮಂಗಳೂರಿನ ಕಮಲಾದೇವಿಯವರು ಮದುವೆಯಾದದ್ದು ಇವರ ಕಿರಿಯ ತಮ್ಮ ಹರೀಂದ್ರನಾಥರನ್ನು, ಹಾಗಾಗಿ ವೀರೇಂದ್ರನಾಥರು ಅವರಿಗೆ ಭಾವನವರು. ಇವರ ತಂಗಿ ಸುಹಾಸಿನಿಯವರ ಪತಿ, ಮಲಬಾರಿನ ಎ. ಸಿ. ಎನ್. ನಂಬಿಯಾರರೂ ಬರ್ಲಿನ್ನಿನಲ್ಲೇ ಪತ್ರಕರ್ತರಾಗಿದ್ದರು. 1927ರಲ್ಲಿ ಹುಟ್ಟಿದ ಸಾಮ್ರಾಜ್ಯಶಾಹಿ ವಿರೋಧಿ ಒಕ್ಕೂಟದಲ್ಲಿ ವೀರೇಂದ್ರನಾಥರ ಜೊತೆಗಾರ ವಿಲ್ಲಿ ಮ್ಯೂನ್ಟ್ಸೆನ್‌ಬೆರ್ಗ್. ಆತ ಮಾರ್ಗರೇಟೆಯ ಅಕ್ಕನ ಸಂಗಾತಿ. ಲೋಕ ಎಷ್ಟು ಸಣ್ಣದು ನೋಡಿ.

1933ರ ಫೆಬ್ರವರಿಯಲ್ಲಿ ಸಂಸತ್ ಭವನಕ್ಕೆ ಬೆಂಕಿ ಬಿದ್ದ ನೆವದಲ್ಲಿ ನಾಜಿಗಳು ನಂಬಿಯಾರರನ್ನು ಹಿಡಿದು ಸೆರೆಗೆ ಹಾಕಿದರು. ಕೆಲ ವಾರಗಳ ಮೇಲೆ ಬಿಟ್ಟು ದೇಶದಿಂದ ಹೊರಗಟ್ಟಿದರು. ಅವರು ಬದುಕಿ ಉಳಿದರು, ಮುಂದೆ ಸ್ವತಂತ್ರ ಭಾರತದ ರಾಯಭಾರಿಯಾಗಿ ಪಶ್ಚಿಮ ಜರ್ಮನಿಗೇ ಬಂದರು. ವೀರೇಂದ್ರನಾಥರು ಅಷ್ಟರಲ್ಲಿ ನಂಬಿಕೆಯಿಂದ ರಷ್ಯಕ್ಕೆ ಹೋಗಿದ್ದರು. ಲೆನಿನ್‌ಗ್ರಾಡಿನಲ್ಲಿ ಜನಾಂಗಶಾಸ್ತ್ರದ ಸಂಸ್ಥೆಯಲ್ಲಿ ಕೆಲಸ ಮಾಡುತ್ತಿದ್ದ ಅವರನ್ನು 1937ರ ಜುಲೈಯಲ್ಲಿ ಹಿಡಿದು ಸೆಪ್ಟೆಂಬರ್ 2ರಂದು ಗುಂಡಿಟ್ಟು ಕೊಂದರು. ಅಕ್ಕತಂಗಿಯರಿಗೆ ಬಹುಕಾಲ ಸುದ್ದಿಯೇ ಇಲ್ಲ. ಶತ್ರುವಿನ ಕೈಗೆ ಸಿಕ್ಕ ಭಾವಮೈದುನ ಉಳಿದರು, ಗೆಳೆಯರೆಂದು ನಂಬಿ ಹೋದವರು ಉಳಿಯಲಿಲ್ಲ. ಇದರಿಂದ ನಾಜಿಗಳೇ ವಾಸಿ ಎಂದು ಯಾರೂ ತಿಳಿಯಬಾರದು. ನಂಬಿಯಾರರು ಬ್ರಿಟಿಷ್ ಪ್ರಜೆಯಾಗಿದ್ದರು, ಹಿಟ್ಲರನಿಗೆ ಆಗಿನ್ನೂ ಬ್ರಿಟಿಷರ ಮುಲಾಜು ಇತ್ತು, ಅಷ್ಟೇ.

ಹಿಟ್ಲರನಿಗೆ ಭಾರತದ ಮೇಲೆ ಪ್ರೀತಿಯಿತ್ತು, ಸುಭಾಷರಿಗೆ ಸಹಾಯ ಮಾಡಿದ, ಸ್ವಸ್ತಿಕ ಇಟ್ಟುಕೊಂಡಿದ್ದ ಎಂದು ಹೇಳುವವರು ಈಗಲೂ ಉಂಟು. ಆತ ತನ್ನ ಪುಸ್ತಕದಲ್ಲಿ ಭಾರತ ಬೇರೆಯವರ ಕೈಯಲ್ಲಿರುವುದಕ್ಕಿಂತ ಇಂಗ್ಲಿಷರ ಕೈಯಲ್ಲೇ ಇರುವುದು ಒಳ್ಳೆಯದೆಂದು ಬರೆದಿದ್ದಾನೆ. ಬರ್ಲಿನ್ನಿಗೆ ಬಂದ ಸುಭಾಷರಿಗೆ ಒಂದು ವರ್ಷಕ್ಕೂ ಹೆಚ್ಚು ಕಾಯಿಸಿ, 1942ರ ಮೇ ತಿಂಗಳಲ್ಲಿ ಒಂದೇ ಒಂದು ಭೇಟಿ ಕೊಟ್ಟ. ಅದರಿಂದ ಕೈಗೆ ಬಂದದ್ದು ಏನೂ ಇಲ್ಲ.

ಇನ್ನು ಇವರು ಅಧಿಕಾರಕ್ಕೆ ಬಂದ ರೀತಿ. ಹುಡುಗಿಯ ಟೀಚರ್ ಒತ್ತಿ ಹೇಳುವುದು ಇದನ್ನೇ, ನಾವೂ ಒಪ್ಪುತ್ತೇವೆ. ಲೆನಿನ್ ಮನೆಯ ಗೋಡೆ ಒಡೆದು ಒಳಗೆ ಬಂದ, ಹಿಟ್ಲರನನ್ನು ಮನೆಯವರೇ ಬಾಗಿಲು ತೆಗೆದು ಕರೆದರು. 1917ರ ನವೆಂಬರಿನಲ್ಲಿ ಬೋಲ್ಷೆವಿಕರು ಬಲಾತ್ಕಾರದಿಂದ ಸರಕಾರ ಹಿಡಿದರು. ಚುನಾವಣೆಯಲ್ಲಿ ಅವರಿಗೆ ಬಂದದ್ದು ಸುಮಾರು ಕಾಲುಭಾಗ ಮತ. ಹಾಗೆ ಚುನಾಯಿತವಾದ ಸಂವಿಧಾನ ಸಭೆ 1918ರ ಜನವರಿಯಲ್ಲಿ ಒಂದೇ ಒಂದು ಬೈಠಕ್ಕು ನಡೆಸಿತು, ಬೆಳಗಾಗುವಷ್ಟರಲ್ಲಿ ಅದನ್ನು ಮುಚ್ಚಿದರು. ಹಳೆಯ ಸೈನ್ಯ, ಹಳೆಯ ನ್ಯಾಯಾಲಯ, ಬ್ಯಾಂಕು, ಕಾರ್ಖಾನೆ, ಜಮೀನು ಎಲ್ಲವನ್ನೂ ಕಿತ್ತು ಬೇರೆ ಕಟ್ಟಿದರು. ಆ ಒಡೆಯುವಿಕೆಯಲ್ಲೇ ಒಳಯುದ್ಧ ಹುಟ್ಟಿತು.

ಹಿಟ್ಲರನ ಕತೆ ಹೀಗಲ್ಲ. 1932ರ ಜುಲೈ ಚುನಾವಣೆಯಲ್ಲಿ ಆತನ ಪಕ್ಷಕ್ಕೆ ಶೇಕಡ 37ಕ್ಕಿಂತ ತುಸು ಹೆಚ್ಚು ಮತ ಬಿತ್ತು, ನವೆಂಬರಿನಲ್ಲಿ ಅದು 33ಕ್ಕೆ ಇಳಿಯಿತು. ಇಳಿಯುತ್ತಿದ್ದವನನ್ನು ಕರೆದು 1933ರ ಜನವರಿ 30ರಂದು ಪ್ರಧಾನಿಯನ್ನಾಗಿ ಮಾಡಿದವರು ಮುದುಕ ರಾಷ್ಟ್ರಪತಿ ಹಿಂಡನ್‌ಬುರ್ಗ್ ಮತ್ತು ಆತನ ಸುತ್ತಲಿನ ಕುಲೀನರು. ಇವನನ್ನು ನಾವು ಬಾಡಿಗೆಗೆ ಹಿಡಿದಿದ್ದೇವೆ, ಕಮ್ಯುನಿಸ್ಟರನ್ನು ಅಡಗಿಸಿದ ಮೇಲೆ ಮೂಲೆಗೆ ಕೂಡಿಸುತ್ತೇವೆ ಎಂಬ ಲೆಕ್ಕ ಅವರದು. ಫೆಬ್ರವರಿ 20ರಂದು ಗೋರಿಂಗನ ಮನೆಯಲ್ಲಿ ಎರಡು ಡಜನ್ ಉದ್ಯಮಪತಿಗಳು ಕೂಡಿ, ಚುನಾವಣೆಗೆಂದು ಸುಮಾರು 30 ಲಕ್ಷ ಮಾರ್ಕು ಕೊಡಲು ಒಪ್ಪಿದರು. ಮಾರ್ಚ್ 23ರಂದು ಹಿಟ್ಲರನಿಗೆ ಸರ್ವಾಧಿಕಾರ ಕೊಡುವ ಮಸೂದೆ ಸಂಸತ್ತಿಗೆ ಬಂತು. 81 ಮಂದಿ ಕಮ್ಯುನಿಸ್ಟ್ ಸದಸ್ಯರು ಸೆರೆಯಲ್ಲಿದ್ದರು, ಇಲ್ಲವೇ ತಲೆತಪ್ಪಿಸಿಕೊಂಡಿದ್ದರು. ಪರವಾಗಿ 444 ಮತ, ವಿರೋಧವಾಗಿ 94. ಆ ತೊಂಬತ್ತನಾಲ್ಕೂ ಸಮಾಜವಾದಿ ಪ್ರಜಾಪ್ರಭುತ್ವ ಪಕ್ಷದವರದು. ಉಳಿದ ಪಕ್ಷಗಳೆಲ್ಲ ಕೈ ಎತ್ತಿದವು. ಯಹೂದಿಯರನ್ನೂ ಎಡಪಂಥೀಯರನ್ನೂ ಕೆಲಸದಿಂದ ತೆಗೆದದ್ದು ಬಿಟ್ಟರೆ, ನ್ಯಾಯಾಧೀಶ, ಕಲೆಕ್ಟರು, ಪೊಲೀಸು, ಗುಮಾಸ್ತ ಎಲ್ಲರೂ ಅದೇ ಕುರ್ಚಿಗಳಲ್ಲಿ ಕೂತಿದ್ದರು. ಮೊಹರು ಮಾತ್ರ ಬದಲಾಯಿತು.

ಮುಸೊಲಿನಿ ಈ ದಾರಿಯನ್ನು ಹನ್ನೊಂದು ವರ್ಷ ಮೊದಲೇ ತೋರಿಸಿದ್ದ. ಒಂದು ಕಾಲದ ಸಮಾಜವಾದಿ ಪತ್ರಿಕೆಯ ಸಂಪಾದಕನಾದ ಆತನನ್ನು 1922ರಲ್ಲಿ ಇಟಲಿಯ ರಾಜನೇ ಕರೆದು ಪ್ರಧಾನಿ ಮಾಡಿದ. ಇಟಲಿಯಲ್ಲಿ ರಾಜ ಉಳಿದ, ಪೋಪರ ಮಠ ಉಳಿಯಿತು, ಜಮೀನ್ದಾರರು ಉಳಿದರು. ಹಾಗೆ ಉಳಿದಿದ್ದರಿಂದಲೇ 1943ರ ಜುಲೈಯಲ್ಲಿ ಅದೇ ರಾಜ ಆತನನ್ನು ಕರೆಸಿ ಕೆಲಸದಿಂದ ವಜಾ ಮಾಡಿ ಹಿಡಿಸಲು ಸಾಧ್ಯವಾಯಿತು. ಸ್ಟಾಲಿನ್ನನನ್ನು ವಜಾ ಮಾಡಬಲ್ಲವರು ರಷ್ಯದಲ್ಲಿ ಯಾರು ಉಳಿದಿದ್ದರು?

ನಾಜಿ ಪಕ್ಷದ ಹೆಸರಿನಲ್ಲಿ "ಸಮಾಜವಾದಿ" ಎಂಬ ಪದ ಇತ್ತಲ್ಲ ಎಂದು ಆಗಾಗ ಕೇಳುತ್ತಾರೆ. ಹೆಸರಿಗೇನು, ಕ್ಷೀರಸಾಗರಭಟ್ಟನ ಮನೆಯಲ್ಲಿ ಮಜ್ಜಿಗೆಗೂ ಗತಿಯಿಲ್ಲವಂತೆ. 1933ರ ಮೇ ಒಂದನ್ನು ಕಾರ್ಮಿಕರ ಹಬ್ಬವೆಂದು ಸಂಬಳ ಸಹಿತ ರಜೆ ಕೊಟ್ಟು, ಮೇ ಎರಡರ ಬೆಳಗ್ಗೆ ಕಾರ್ಮಿಕ ಸಂಘಗಳ ಕಚೇರಿಗಳಿಗೆ ನುಗ್ಗಿ ಮುಖಂಡರನ್ನು ಹಿಡಿದರು. ಸಂಘಗಳೇ ಇಲ್ಲವಾದವು. ಕಾರ್ಖಾನೆಗಳು ಒಡೆಯರ ಕೈಯಲ್ಲೇ ಇದ್ದವು. ಸರಕಾರದ ವಶದಲ್ಲಿದ್ದ ಬ್ಯಾಂಕುಗಳ ಷೇರುಗಳನ್ನೂ ಖಾಸಗಿಯವರಿಗೆ ಮಾರಿದರು. ಆಸ್ತಿ ಹೋದದ್ದು ಯಹೂದಿಯರದು, ಅದನ್ನು ಅಗ್ಗಕ್ಕೆ ಕೊಂಡವರು ನೆರೆಹೊರೆಯವರು. ಎರ್ಫುರ್ಟ್ ಊರಿನ ಟಾಪ್ಫ್ ಮತ್ತು ಮಕ್ಕಳು ಎಂಬ ಕಂಪನಿ ಬೂಖನ್‌ವಾಲ್ಡ್ ಮತ್ತು ಔಷ್ವಿಟ್ಸ್ ಶಿಬಿರಗಳಿಗೆ ಹೆಣ ಸುಡುವ ಒಲೆಗಳನ್ನು ಕಟ್ಟಿಕೊಟ್ಟಿತು. ಯಾರೂ ಬಲವಂತ ಮಾಡಿರಲಿಲ್ಲ. ಬೆಲೆ ಕಟ್ಟಿ, ಬಿಲ್ಲು ಬರೆದು, ಹಣ ಪಡೆದ ವ್ಯವಹಾರ ಅದು. ಅದೇ ಕಂಪನಿಯನ್ನು ಯುದ್ಧದ ಮೇಲೆ ಕಮ್ಯುನಿಸ್ಟ್ ಸರಕಾರ ವಶಪಡಿಸಿಕೊಂಡಿತು. ಆಸ್ತಿಯ ವಿಷಯದಲ್ಲಿ ಎರಡು ಆಳ್ವಿಕೆಗಳ ಅಂತರ ತಿಳಿಯಬೇಕಾದವರಿಗೆ ಈ ಒಂದು ಕಟ್ಟಡ ಸಾಕು. ಈಗ ಅದು ವಸ್ತುಸಂಗ್ರಹಾಲಯ.

ನಮಗೆ ಎಲ್ಲಕ್ಕಿಂತ ಹೆಚ್ಚು ಯೋಚನೆಗೆ ಹಚ್ಚಿದ್ದು ಮಾತಿಗೂ ಕೃತಿಗೂ ಇದ್ದ ದೂರ. ಹಿಟ್ಲರ್ ತಾನು ಮಾಡಲಿರುವುದನ್ನು ಬಹುಮಟ್ಟಿಗೆ ಮೊದಲೇ ಹೇಳಿದ್ದ. ಮನುಷ್ಯರು ಸಮಾನರಲ್ಲ, ಬಲಿಷ್ಠ ಜನಾಂಗ ಆಳಬೇಕು, ಪೂರ್ವದ ನೆಲ ಬೇಕು ಎಂದ. ಹಾಗೇ ಮಾಡಿದ. ಕಮ್ಯುನಿಸ್ಟರು ಎಲ್ಲ ಮನುಷ್ಯರೂ ಸಮಾನರು, ಒಬ್ಬರನ್ನೊಬ್ಬರು ಸುಲಿಯಬಾರದು ಎಂದರು. ಹೇಳಿ ಕರಗಾಂಡ ಕಟ್ಟಿದರು. ಒಳ್ಳೆಯ ಮಾತಿನ ಹಿಂದೆ ನಡೆದ ಕೇಡು ಕಣ್ಣಿಗೆ ಬೇಗ ಕಾಣುವುದಿಲ್ಲ. ರಾವೆನ್ಸ್‌ಬ್ರ್ಯೂಕಿನಲ್ಲಿ ಮಾರ್ಗರೇಟೆ ರಷ್ಯದಲ್ಲಿ ಕಂಡದ್ದನ್ನು ಹೇಳಿದಾಗ, ಅದೇ ಮುಳ್ಳುತಂತಿಯೊಳಗಿದ್ದ ಕಮ್ಯುನಿಸ್ಟ್ ಹೆಂಗಸರು ಅವರನ್ನು ದ್ರೋಹಿಯೆಂದು ಜಾತಿಯಿಂದ ಹೊರಗಿಟ್ಟಂತೆ ಹೊರಗಿಟ್ಟರು. ಆಗ ಜೊತೆಗೆ ನಿಂತವರು ಪ್ರಾಗಿನ ಪತ್ರಕರ್ತೆ ಮಿಲೆನಾ ಯೆಸೆನ್ಸ್ಕಾ, ಕಾಫ್ಕಾ ಅವರ ಗೆಳತಿಯಾಗಿದ್ದವರು. ಅವರು 1944ರ ಮೇ ತಿಂಗಳಲ್ಲಿ ಅಲ್ಲಿಯೇ ತೀರಿಕೊಂಡರು.

ನಮ್ಮಲ್ಲೂ ಅನೇಕರು ಶಾಲೆಯ ಪುಸ್ತಕಗಳಿಗೆ ಸೋವಿಯತ್ ಲ್ಯಾಂಡ್ ಪತ್ರಿಕೆಯ ನುಣುಪು ಹಾಳೆಗಳ ರಟ್ಟು ಹಾಕಿ ಓದಿದವರು. ಗೋಧಿಯ ತೆನೆ, ನಗುವ ಹುಡುಗಿ, ಟ್ರಾಕ್ಟರು. ಮಾಸ್ಕೋದಿಂದ ಬಂದ ಅಗ್ಗದ ಕನ್ನಡ ಪುಸ್ತಕಗಳಿಂದ ವಿಜ್ಞಾನ ಕಲಿತವರಿದ್ದಾರೆ, ಭಿಲಾಯಿಯ ಉಕ್ಕು ಸುಳ್ಳಲ್ಲ. ಆ ಹಾಳೆಗಳ ಹಿಂದೆ ಏನಿತ್ತೆಂದು ನಾವು ಕೇಳಲಿಲ್ಲ. ನೆರೆಯ ಕೇರಳದಲ್ಲಿ 1957ರಲ್ಲಿ ಮತಪೆಟ್ಟಿಗೆಯಿಂದಲೇ ಬಂದ ಕಮ್ಯುನಿಸ್ಟ್ ಸರಕಾರವನ್ನು ಕಂಡಿದ್ದ ನಮಗೆ ಆ ಹೆಸರೆಂದರೆ ಭಯವೂ ಇರಲಿಲ್ಲ. ಚುನಾವಣೆಯಲ್ಲಿ ಗೆದ್ದು ಸೋತು ನಡೆಯುವ ಪಕ್ಷ ಬೇರೆ, ಚುನಾವಣೆಯನ್ನೇ ಮುಚ್ಚಿದ ಪಕ್ಷ ಬೇರೆ. ಹೆಸರು ಒಂದೇ ಆದರೂ ಇವೆರಡನ್ನು ಕಲಸಬಾರದು.

ಆದರೆ ಆ ಒಳ್ಳೆಯ ಮಾತಿನಿಂದ ಇನ್ನೊಂದೂ ಆಯಿತು. 1956ರ ಫೆಬ್ರವರಿ 25ರಂದು ಕ್ರುಶ್ಚೇವ್ ತಮ್ಮ ಪಕ್ಷದ ಸಭೆಯಲ್ಲೇ ನಿಂತು, ಸ್ಟಾಲಿನ್ ನಮ್ಮ ತತ್ತ್ವಕ್ಕೆ ದ್ರೋಹ ಮಾಡಿದನೆಂದು ಗಂಟೆಗಟ್ಟಲೆ ಓದಿದರು. ಶಿಬಿರಗಳಿಂದ ಲಕ್ಷಾಂತರ ಮಂದಿ ಮನೆಗೆ ಬಂದರು. ತಾನೂ ಆ ಕೊಲೆಗಳಿಗೆ ರುಜು ಹಾಕಿದವನೆಂದು ಅವರು ಹೇಳಲಿಲ್ಲ, ಅದು ಬೇರೆ ಮಾತು. ಆದರೂ ಅವರ ಕೈಯಲ್ಲಿ ಸ್ಟಾಲಿನ್ನನನ್ನು ಅಳೆಯಲು ಒಂದು ಕೋಲು ಇತ್ತು. ಹಿಟ್ಲರನ ತತ್ತ್ವ ಹಿಡಿದು ಹಿಟ್ಲರನನ್ನು ತಪ್ಪಿತಸ್ಥನೆನ್ನಲು ಬರುವುದಿಲ್ಲ. ಅಲ್ಲಿ ತಪ್ಪು ತತ್ತ್ವದ್ದೇ.

1945ರ ಏಪ್ರಿಲ್ 30ರಂದು ರಾವೆನ್ಸ್‌ಬ್ರ್ಯೂಕನ್ನು ಬಿಡಿಸಿದ್ದು ಕೆಂಪು ಸೈನ್ಯ. ಔಷ್ವಿಟ್ಸನ್ನು ಜನವರಿ 27ರಂದು ಬಿಡಿಸಿದ್ದೂ ಅವರೇ. ಆ ಯುದ್ಧದಲ್ಲಿ ಸತ್ತ ಸೋವಿಯತ್ ಪ್ರಜೆಗಳು ಸುಮಾರು 2 ಕೋಟಿ 70 ಲಕ್ಷ. ಕಾರ್ಮಿಕ ಸಂಘದ ನಮ್ಮ ಹಿರಿಯರ ಮಾತು ಇಷ್ಟರಮಟ್ಟಿಗೆ ಸತ್ಯ. ಆದರೆ ನಮ್ಮ ರೈಲು ನಡುವೆ ನಿಂತ ಓರಾನಿಯನ್‌ಬುರ್ಗಿನಲ್ಲಿ ಸಾಕ್ಸನ್‌ಹೌಸನ್ ಎಂಬ ಇನ್ನೊಂದು ನಾಜಿ ಶಿಬಿರವಿತ್ತು. ನಾಜಿಗಳು ಹೋದ ಕೆಲವೇ ತಿಂಗಳಲ್ಲಿ ಅದೇ ಬ್ಯಾರಕ್ಕುಗಳಲ್ಲಿ ಸೋವಿಯತ್ತರು ತಮ್ಮ ಶಿಬಿರ ನಡೆಸಿದರು. 1950ರವರೆಗೆ ಸುಮಾರು 60,000 ಮಂದಿ ಅಲ್ಲಿ ಸೆರೆಯಲ್ಲಿದ್ದರು. ಅವರಲ್ಲಿ ನಾಜಿಗಳೂ ಇದ್ದರು, ನಾಜಿಗಳಲ್ಲದವರೂ ಇದ್ದರು. 12,000 ಮಂದಿ ಹಸಿವು ರೋಗಗಳಿಂದ ಸತ್ತರು. ಪೂರ್ವ ಜರ್ಮನಿ ಇರುವತನಕ ಈ ಎರಡನೆಯ ಶಿಬಿರದ ಬಗ್ಗೆ ಬಾಯಿ ಬಿಡುವಂತಿರಲಿಲ್ಲ. ಮಾರ್ಗರೇಟೆಗೆ ಇದೆಲ್ಲ ಮೊದಲೇ ಹೊಳೆದಿತ್ತು. ಏಪ್ರಿಲ್ 21ರಂದು ಬಿಡುಗಡೆಯಾದ ಅವರು ಬರುತ್ತಿದ್ದ ಕೆಂಪು ಸೈನ್ಯಕ್ಕೆ ಬೆನ್ನು ಮಾಡಿ, ಪಶ್ಚಿಮದ ಅಮೆರಿಕನ್ನರ ಕಡೆಗೆ ಕಾಲ್ನಡಿಗೆಯಲ್ಲಿ ಹೊರಟರು.

ಪೂರ್ವ ಬರ್ಲಿನ್ನಿನಲ್ಲಿ ಮುಂದೆ ನಡೆದ ಆಳ್ವಿಕೆ ಸ್ಟಾಲಿನ್ನನ ಕಾಲದಷ್ಟು ಕೊಲೆಗಡುಕವಾಗಿರಲಿಲ್ಲ. ಆದರೆ ಒಂದು ಲೆಕ್ಕ ನೋಡಿ. 1989ರಲ್ಲಿ ಒಂದು ಕೋಟಿ ಅರವತ್ತು ಲಕ್ಷ ಜನರ ಮೇಲೆ ಕಣ್ಣಿಡಲು ಅಲ್ಲಿನ ಗುಪ್ತ ಪೊಲೀಸು ಸ್ಟಾಸಿಯಲ್ಲಿ ಸುಮಾರು 91,000 ನೌಕರರಿದ್ದರು, ಅಲ್ಲದೆ 1,70,000ಕ್ಕೂ ಹೆಚ್ಚು ಗುಪ್ತ ವರದಿಗಾರರು. ಹಿಟ್ಲರನ ಗೆಸ್ಟಾಪೊ ಇದರ ಐದು ಪಟ್ಟು ಜನಸಂಖ್ಯೆಗೆ ಅತಿ ಹೆಚ್ಚೆಂದರೆ 32,000 ಮಂದಿ. ಗೆಸ್ಟಾಪೊಗೆ ಅಷ್ಟು ಸಾಕಾದದ್ದು ಏಕೆ? ಜನ ತಾವಾಗಿಯೇ ಬಂದು ನೆರೆಯವರ ಮೇಲೆ ಚಾಡಿ ಹೇಳುತ್ತಿದ್ದರು. ಫ್ಯಾಸಿಸಂ ಜನರ ಉತ್ಸಾಹದ ಮೇಲೆ ಸವಾರಿ ಮಾಡಿತು. ಪೂರ್ವ ಜರ್ಮನಿಯ ಸರಕಾರಕ್ಕೆ ಅಂಥ ಉತ್ಸಾಹ ದಕ್ಕಲೇ ಇಲ್ಲ. 1953ರ ಜೂನ್ 17ರಂದು ಕಾರ್ಮಿಕರೇ ಅದರ ವಿರುದ್ಧ ಬೀದಿಗಿಳಿದರು, ಟ್ಯಾಂಕು ತರಿಸಬೇಕಾಯಿತು. 1961ರಲ್ಲಿ ಜನ ಓಡಿಹೋಗದಂತೆ ಗೋಡೆ ಕಟ್ಟಬೇಕಾಯಿತು. ಹಿಟ್ಲರನಿಗೆ ಜರ್ಮನರನ್ನು ಒಳಗಿಡಲು ಗೋಡೆ ಬೇಕಿರಲಿಲ್ಲ. ನಮ್ಮ ಹಿರಿಯರಿಗೆ ಹೇಳಬೇಕಾದದ್ದು ಇದೇ ಎಂದು ರೈಲಿನಲ್ಲಿ ಹುಡುಗಿ ಗಟ್ಟಿಯಾಗಿ ಹೇಳಿದಳು. ಅವಳ ಮಾತಿನ ಪ್ರಕಾರ ಒಂದು ಜನರ ಮೇಲೆ ಹೇರಿದ ಕೇಡು, ಇನ್ನೊಂದು ಜನರೇ ಬೇಕೆಂದು ಕರೆದ ಕೇಡು. ರಷ್ಯದಲ್ಲೂ ನಂಬಿ ದುಡಿದವರು ಲಕ್ಷಾಂತರ ಇದ್ದರೆಂದು ನಾವು ತಿದ್ದಿದೆವು. ಆದರೂ ಮಾತಿನಲ್ಲಿ ಹುರುಳಿದೆ. "ನಮಗೂ ಒಬ್ಬ ಬೇಕು" ಎಂಬ ವಾಕ್ಯವನ್ನು ಮೊದಲು ಆಡಿದವರು ಇಲ್ಲಿನ ಅಂಗಡಿಕಾರರು, ಮೇಷ್ಟರು, ಪಿಂಚಣಿದಾರರು. ನಮ್ಮಂಥವರೇ.

ಹಿಟ್ಲರನ ಆಳ್ವಿಕೆ ಕೊನೆಗೊಂಡದ್ದು ಬರ್ಲಿನ್ ಕಲ್ಲಿನ ರಾಶಿಯಾದ ಮೇಲೆ. ಗೋಡೆಯ ಆಳ್ವಿಕೆ ಮುಗಿದದ್ದು 1989ರ ನವೆಂಬರ್ 9ರ ರಾತ್ರಿ, ಒಂದೂ ಗುಂಡು ಹಾರದೆ, ಜನ ಗಡಿಯ ಬಾಗಿಲಲ್ಲಿ ಸೇರಿ ಕಾವಲುಗಾರರು ಬೇರೆ ದಾರಿಯಿಲ್ಲದೆ ಬಾಗಿಲು ತೆಗೆದಾಗ. ಮಾರ್ಗರೇಟೆ ಬೂಬರ್-ನೊಯ್ಮನ್ ಅದನ್ನು ಕಾಣಲಿಲ್ಲ. ಅದಕ್ಕೆ ಮೂರು ದಿನ ಮೊದಲು, ನವೆಂಬರ್ 6ರಂದು, ಫ್ರಾಂಕ್‌ಫರ್ಟಿನಲ್ಲಿ ಅವರು ತೀರಿಕೊಂಡರು.

ಎರಡು ಸೆರೆಗಳ ಬಗ್ಗೆ ಅವರು ಬರೆದ ಪುಸ್ತಕದ ಜರ್ಮನ್ ಪ್ರತಿಯೊಂದನ್ನು ನಮ್ಮ ಸಂಘದ ಕಪಾಟಿನಲ್ಲಿ ಇಟ್ಟಿದ್ದೇವೆ. ಬೇಕಾದವರು ದಸರಾ ಕಾರ್ಯಕ್ರಮದ ದಿನ ಕೇಳಿ ಪಡೆಯಬಹುದು. ಜರ್ಮನ್ ಬಾರದ ಹಿರಿಯರಿಗೆ ಮಕ್ಕಳು ಓದಿ ಕನ್ನಡದಲ್ಲಿ ಹೇಳಲಿ. ಮೊದಲ ಸರದಿ ಹಿಟ್ಲರ್ ಬೇಕೆಂದ ಹಿರಿಯರದು. ಅವರೇ ಹೆಸರು ಬರೆಸಿದ್ದಾರೆ. ಓದಿ ಹೇಳುವವಳು ಆ ಹುಡುಗಿಯೇ.